ಅತಿ ಹೆಚ್ಚು ಮಾರಾಟವಾದ ಮುಖ

ನನ್ನ ತಮ್ಮ ಕೆಟ್ಟವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದಕ್ಕೆ ಅವಕಾಶ ಸಿಗುವುದಿಲ್ಲ. ಅವನಿಗೆ ಬುದ್ಧಿಯೂ ಇದೆ. ದೇವರು ಎಲ್ಲರಿಗೂ ಕೊಟ್ಟಷ್ಟೇ ಅವನಿಗೂ ಕೊಟ್ಟ. ಬಳಸಿದರೆ ಸವೆದೀತು ಎಂದು ಅವನು ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದಾನೆ, ಅಷ್ಟೇ.

ದರ್ಜಿಯ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ ಅವನ ಫೋಟೋ ಸ್ಟುಡಿಯೋ. ಒಳಗೆ ಒಂದು ತಿರುಗುವ ಸ್ಟೂಲು, ಕೊಡೆಯಂಥ ಎರಡು ದೀಪ, ಯಾರೂ ಹೊತ್ತೊಯ್ಯದ ಹಾಗೆ ಮೊಳೆಗೆ ಕಟ್ಟಿದ ಬಾಚಣಿಗೆ, ಮೆಟ್ಟಿಲು ಬರೆದ ಒಂದು ಪರದೆ. ಆ ಮೆಟ್ಟಿಲು ಹತ್ತಿದರೆ ಎಲ್ಲಿಗೆ ಹೋಗುತ್ತೇವೆಂದು ಮೂವತ್ತು ವರ್ಷದಿಂದ ಯಾರಿಗೂ ತಿಳಿದಿಲ್ಲ. ಗಿರಾಕಿಯನ್ನು ಕೂಡಿಸಿ, "ಗದ್ದ ಮೇಲೆ... ಸಾಕು ಸಾಕು. ಸ್ವಲ್ಪ ಕೆಳಗೆ... ಅಷ್ಟಲ್ಲ. ಒಂದ್ನಿಮಿಷ" ಎನ್ನುವುದು ಅವನ ಪದ್ಧತಿ. ಆ ಒಂದು ನಿಮಿಷದಲ್ಲಿ ಮಕ್ಕಳು ನಿದ್ದೆಹೋಗುತ್ತವೆ, ಮುದುಕರು ಎದ್ದುಹೋಗುತ್ತಾರೆ. ಬೀದಿಯವರೆಲ್ಲ ಅವನನ್ನು ಕರೆಯುವುದೇ ಒಂದ್ನಿಮಿಷ ಎಂದು.

ಎಲ್ಲರ ಕೈಗೂ ಫೋನು ಬಂದಮೇಲೆ ಫೋಟೋ ತೆಗೆಸುವವರು ಯಾರು? ಅವನಿಗೆ ಉಳಿದದ್ದು ಬಾಗಿಲ ಮೇಲಿನ ಒಂದು ನೀಲಿ ಬೋರ್ಡು. ಗುರುತಿನ ಕಾರ್ಡಿನ ಫೋಟೋ ಈ ಅಂಗಡಿಯಲ್ಲೇ ತೆಗೆಸಬೇಕು ಎಂದು ಕಾರ್ಡ್ ಕಚೇರಿಯವರು ಕೊಟ್ಟ ಬೋರ್ಡು ಅದು. ಆ ಬೋರ್ಡಿನಿಂದ ಅಂಗಡಿ, ಅಂಗಡಿಯಿಂದ ಮನೆ. ಬೋರ್ಡು ಕೆಳಗಿಳಿದರೆ ನನ್ನ ತಮ್ಮನೂ ಅದರ ಜೊತೆಗೇ ಇಳಿದ ಎಂದು ತಿಳಿಯತಕ್ಕದ್ದು.

ಹೀಗಿರುವಾಗ ಒಂದು ದಿನ ಟೈ ಕಟ್ಟಿದ ಮನುಷ್ಯನೊಬ್ಬ ಸಾಫ್ಟ್‌ವೇರ್ ಮಾರಲು ಬಂದ. ನಾನು ತಮ್ಮನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ.

"ಸಾರ್, ಜನ ಫೋಟೋ ಯಾಕೆ ಕೊಳ್ಳಲ್ಲ ಗೊತ್ತಾ?" ಎಂದ ಟೈಯವನು.

"ದುಡ್ಡಿಲ್ಲ ಅಂತ" ಎಂದ ತಮ್ಮ.

"ಅಲ್ಲ ಸಾರ್. ಅದ್ರಲ್ಲಿ ಅವರ ಮುಖ ಇರುತ್ತೆ ಅಂತ."

ತಮ್ಮ ಬೆರಗಾದ. ಮೂವತ್ತು ವರ್ಷ ತಾನು ಮಾಡಿದ ತಪ್ಪು ಯಾವುದೆಂದು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. "ನನ್ನ ಸಾಫ್ಟ್‌ವೇರು ಮುಖಾನ ಸುಧಾರಿಸುತ್ತೆ. ಮುಖ ಸುಧಾರಿಸಿದ್ರೆ ಮಾರಾಟ ಸುಧಾರಿಸುತ್ತೆ" ಎಂದ ಟೈಯವನು. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ತಮ್ಮ ಅದನ್ನು ನೋಡಿ, "ಅಕ್ಕಾ, ಕಣ್ಣಿಗೆ ಧೂಳು ಬಿತ್ತಾ?" ಎಂದು ಕೇಳಿ, ಸಾಫ್ಟ್‌ವೇರ್ ಕೊಂಡ.

ಅದು ಕಂಪ್ಯೂಟರಿನೊಳಗೆ ಕೂತ ಕೂಡಲೇ ಹೊಸ ಬೀಗನ ಹಾಗೆ ಪ್ರಶ್ನೆ ಕೇಳತೊಡಗಿತು. ಎಲ್ಲ ಫೋಟೋಗಳನ್ನೂ ಸುಧಾರಿಸಬೇಕೇ? ಹೌದು. ಕೇಳದೆಯೇ ಸುಧಾರಿಸಬಹುದೇ? ಹೌದು. ಬಂದವರು ಏನು ಕೇಳಿದರೂ ಇಲ್ಲ ಎನ್ನಬಾರದು ಎಂದು ನಮ್ಮ ತಾಯಿ ಕಲಿಸಿದ್ದಳು. ಕಡೆಗೆ ಅದು, "ನಿಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಮಾರಾಟವಾದ ಮುಖ ಯಾವುದು? ತೋರಿಸಿ. ನಾನು ಅದನ್ನು ನೋಡಿ ಕಲಿಯುತ್ತೇನೆ" ಎಂದಿತು. ಬುದ್ಧಿವಂತನಾಗಿದ್ದರೆ ಯಾವುದಾದರೂ ಚೆಂದದ ಹುಡುಗಿಯ ಫೋಟೋ ತೋರಿಸುತ್ತಿದ್ದ. ನನ್ನ ತಮ್ಮ ಪ್ರಾಮಾಣಿಕ. ಅಂಗಡಿಯ ದಪ್ಪ ರಿಜಿಸ್ಟರ್ ತೆಗೆದು ಹಾಳೆ ತಿರುವಿ ನೋಡಿದ. ಅತಿ ಹೆಚ್ಚು ಪ್ರತಿ ಮಾರಾಟವಾದದ್ದು ಹೆಡ್ಮೇಷ್ಟ್ರ ಫೋಟೋ. ಎರಡು ವರ್ಷದ ಹಿಂದೆ ಹೆಡ್ಮೇಷ್ಟ್ರು ತೀರಿಕೊಂಡಾಗ ಅವರ ಹಳೆಯ ವಿದ್ಯಾರ್ಥಿಗಳು ಸಾಲು ನಿಂತು ಒಂದೊಂದು ಪ್ರತಿ ಕೊಂಡಿದ್ದರು. ತಮ್ಮ ಅದನ್ನೇ ತೋರಿಸಿದ.

ಹೆಡ್ಮೇಷ್ಟ್ರು ಎಂದರೆ ನಮ್ಮನೆಯವರು. ತಮ್ಮ ಇದನ್ನು ನನಗೆ ಹೇಳಲಿಲ್ಲ. ಹೇಳಬಾರದೆಂದಲ್ಲ, ಮರೆತ.

ಆ ಫೋಟೋದಲ್ಲಿ ಅವರ ಎಡಹುಬ್ಬು ಬಲಹುಬ್ಬಿಗಿಂತ ಅರ್ಧ ಬೆರಳು ಮೇಲಿದೆ, ತುಟಿ ಬಿಗಿದಿದೆ. ಕಣ್ಣು ನೇರವಾಗಿ, ನೀವು ಈಗಷ್ಟೇ ಮಾಡಿ ಮುಗಿಸಿದ ತಪ್ಪನ್ನು ನೋಡುತ್ತಿದೆ.

ಸುಧಾರಣೆ ಎಷ್ಟು ಬೇಕೆಂದು ಆರಿಸಿಕೊಳ್ಳಲು ಒಂದರಿಂದ ನೂರರವರೆಗೆ ಜಾರುವ ಒಂದು ಗುಂಡಿ ಇತ್ತು. ಮೊದಲ ವಾರ ತಮ್ಮ ಅದನ್ನು ಇಪ್ಪತ್ತರಲ್ಲಿ ಇಟ್ಟ. ಏನಾಯಿತೋ ಏನೋ, ವ್ಯಾಪಾರ ಕುದುರಿತು! ಫೋಟೋದಲ್ಲಿ ಬೀದಿಯ ಸೋಮಾರಿಗಳು ಕೂಡ ನಾಲ್ಕು ಪುಸ್ತಕ ಓದಿದವರಂತೆ ಕಂಡರು. ಒಂದು ಪ್ರತಿ ಕೇಳಲು ಬಂದವರು ಮೂರು ಕೊಂಡರು. ಇಪ್ಪತ್ತಕ್ಕೇ ಇಷ್ಟಾದರೆ ನೂರಕ್ಕೆ ಎಷ್ಟಾಗಬಹುದು? ಲೆಕ್ಕ ಹಾಕುವಾಗ ಮಾತ್ರ ನನ್ನ ತಮ್ಮನಿಗೆ ಒಂದು ನಿಮಿಷ ಹಿಡಿಯುವುದಿಲ್ಲ.

"ಯಾಕೋ ಪೂರ್ತಿ ಇಟ್ಟೆ?" ಎಂದು ಅವನ ಹೆಂಡತಿ ಕೇಳಿದಳಂತೆ. ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸುವುದು ಸಿಟ್ಟು ಬಂದಾಗ ಮಾತ್ರ. ಆದ್ದರಿಂದ ಯಾವಾಗಲೂ ಏಕವಚನವೇ.

"ಪೂರ್ತಿ ಟಿಕೆಟ್ ತಗೊಂಡು ಯಾರಾದ್ರೂ ಅರ್ಧ ದಾರೀಲಿ ಇಳೀತಾರೇನೆ?" ಎಂದನಂತೆ ಇವನು.

ಮೊದಲು ಓಡಿಬಂದವಳು ದರ್ಜಿಯ ಹೆಂಡತಿ. ಕೈಯಲ್ಲಿ ಆರು ತಿಂಗಳ ಮಗುವಿನ ಫೋಟೋ.

"ಅಕ್ಕಾ, ನೋಡಿ ಇದನ್ನ. ನನ್ನ ಮಗು ನನ್ನನ್ನೇ ವಿಚಾರಣೆ ಮಾಡ್ತಾ ಇದೆ."

ನೋಡಿದೆ. ಹಲ್ಲಿಲ್ಲದ ಬಾಯಿ, ಬೋಳುತಲೆ, ಮೇಲೇರಿದ ಎಡಹುಬ್ಬು. ಈ ಮಗುವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಪಕ್ಕದ ಮನೆಯ ಮಗು, ನೋಡದೆ ಏನು ಎಂದು ಸುಮ್ಮನಾದೆ. ನನ್ನ ಕನ್ನಡಕವೂ ಹಳೆಯದು.

"ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಡಮ್ಮ" ಎಂದೆ.

"ವಾಪಸ್ಸಾ? ನಮ್ಮನೆಯವ್ರು ಬಿಡಬೇಕಲ್ಲ! ಹೊಲಿಗೆ ಮೆಷಿನ್ ಮೇಲೆ ಹಾಕೋಕೆ ಇನ್ನೊಂದು ಪ್ರತಿ ಹೇಳಿದ್ದಾರೆ. ಅಂಗಡಿ ಗೋಡೆಗೆ ಒಂದು ಪ್ರತಿ ಹಾಕಿದಾಗಿನಿಂದ ಗಿರಾಕಿಗಳ ಬಟ್ಟೆ ತುಂಡು ಎತ್ತಿಡೋದೇ ನಿಲ್ಸಿಬಿಟ್ಟಿದ್ದಾರೆ. ಮೊನ್ನೆ ಹೇಳಿದ ದಿನಕ್ಕೇ ಒಂದು ಅಂಗಿ ಹೊಲಿದು ಕೊಟ್ರು ಅಕ್ಕಾ. ನನಗೆ ಭಯ ಆಗ್ತಿದೆ."

ಭಯಪಡಬೇಕಾದ ವಿಷಯವೇ. ದರ್ಜಿಯವರು ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಉದಾಹರಣೆ ನನ್ನ ತಿಳಿವಳಿಕೆಯಲ್ಲಿ ಇನ್ನೊಂದಿಲ್ಲ.

ಕ್ಷೌರದವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತನ್ನ ಫೋಟೋವನ್ನು ಮಾವನ ಮನೆಗೆ ಕಳಿಸಿದ. ಇಪ್ಪತ್ತು ವರ್ಷದಿಂದ "ಏನೋ ಬಂದ್ಯಾ" ಎನ್ನುತ್ತಿದ್ದ ಮಾವ ಫೋನು ಮಾಡಿ, "ಹೇಗಿದ್ದೀರಿ?" ಎಂದನಂತೆ. ಆ ಬಹುವಚನ ಕೇಳಿ ಕ್ಷೌರದವನ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ ನಮ್ಮ ಎದುರುಮನೆಯವರ ಒಂದು ಕಡೆಯ ಮೀಸೆ ಹೋಯಿತು.

ಇಷ್ಟರಲ್ಲೇ ನಿಂತಿದ್ದರೆ ನಾನು ಈ ಕಥೆ ಬರೆಯುವ ಕೆಲಸವಿರಲಿಲ್ಲ.

ಒಂದು ಬೆಳಗ್ಗೆ ದೇವರ ಮುಂದೆ ಕೂತು ಕಣ್ಣು ಮುಚ್ಚಿದ್ದೇನೆ, ಬಾಗಿಲು ಬಡಿದ ಸದ್ದು. ದೇವರು ಕಾಯುತ್ತಾನೆ, ಬಾಗಿಲಲ್ಲಿ ನಿಂತವರು ಕಾಯುವುದಿಲ್ಲ. ತೆಗೆದರೆ ಕಾರ್ಡ್ ಕಚೇರಿಯ ಸಾಹೇಬರು. ಕಂಕುಳಲ್ಲಿ ದಪ್ಪ ಫೈಲು, ಮುಖದಲ್ಲಿ ನಿದ್ದೆಯಿಲ್ಲ.

"ಅಮ್ಮಾ, ಹೆಡ್ಮೇಷ್ಟ್ರು ಇದ್ದಾರಾ?"

"ಇಲ್ಲಪ್ಪ."

"ಎಲ್ಲಿಗೆ ಹೋಗಿದ್ದಾರೆ?"

"ಎಲ್ರೂ ಹೋಗೋ ಕಡೆಗೆ. ಎರಡು ವರ್ಷ ಆಯ್ತು."

"ಅದು ನನಗೂ ಗೊತ್ತಮ್ಮ. ನಾನು ಅವರ ವಿದ್ಯಾರ್ಥಿ, ಅವತ್ತು ಬಂದು ಅತ್ತಿದ್ದೆ. ಆದ್ರೆ ಹೋದ ವಾರ ಅವರು ನಲವತ್ತು ಕಾರ್ಡಿಗೆ ಅರ್ಜಿ ಹಾಕಿದ್ದಾರೆ."

"ಅವರಾ? ಜೀವಮಾನದಲ್ಲಿ ಒಂದು ರಜಾ ಅರ್ಜಿ ಬರೆದವರಲ್ಲ ಅವರು."

"ಅದಕ್ಕೇ ನನಗೂ ಆಶ್ಚರ್ಯ. ಅದ್ರಲ್ಲಿ ಹದಿನೇಳು ಅರ್ಜಿ ಹೆಂಗಸರ ಹೆಸರಲ್ಲಿ ಹಾಕಿದ್ದಾರೆ."

ಒಳಗೆ ಬಂದು ಕೂತರು. ಕೂತವರು ಗೋಡೆಯ ಮೇಲೆ ನಮ್ಮನೆಯವರ ಫೋಟೋ ಕಂಡು ಎದ್ದರು. ಮತ್ತೆ ಕೂತರು. ಸತ್ತವರ ಫೋಟೋ ಇಟ್ಟುಕೊಂಡು ಯಾರೋ ಕಾರ್ಡುಗಳ ಮೋಸ ನಡೆಸುತ್ತಿದ್ದಾರೆ, ಮನೆಯವರ ಸಹಕಾರವಿಲ್ಲದೆ ಇದು ಆಗುವ ಕೆಲಸವಲ್ಲ ಎಂದು ನೆಲ ನೋಡಿಕೊಂಡು ಹೇಳಿದರು.

"ಅಂದ್ರೆ ನಾನು ಕಳ್ಳಿ?"

"ಹಾಗನ್ನಲಿಲ್ಲಮ್ಮ. ನಿಯಮದ ಪ್ರಕಾರ ಕೇಳಬೇಕು. ಅವರು ತೀರಿಕೊಂಡದ್ದು ಖಚಿತ ತಾನೆ?"

"ನೀನು ಅತ್ತಿದ್ದೆ ಅಂದ್ಯಲ್ಲೋ!"

"ಅದು ವೈಯಕ್ತಿಕ. ನನ್ನ ಅಳು ದಾಖಲೆ ಆಗಲ್ಲ. ಪತ್ರ ಬೇಕು."

ಪೆಟ್ಟಿಗೆ ತೆಗೆದು ಮರಣಪತ್ರ ತಂದು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೊಹರು ತಿಕ್ಕಿ ನೋಡಿದರು. ಇಂಥ ಸಂದರ್ಭದಲ್ಲಿ ತಾಳ್ಮೆ ಕೊಡು ಎಂದು ದಿನವೂ ಬೇಡಿಕೊಳ್ಳುತ್ತೇನೆ. ಅವತ್ತಿನ ಪ್ರಾರ್ಥನೆ ಅರ್ಧಕ್ಕೆ ನಿಂತಿತ್ತಲ್ಲ, ತಾಳ್ಮೆಯೂ ಅರ್ಧವೇ ಬಂದಿತ್ತು.

"ಎಲ್ಲಿ, ಆ ಫೋಟೋ ತೋರ್ಸು" ಎಂದೆ.

ಸಾಹೇಬರು ಫೈಲು ಬಿಚ್ಚಿ ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ನಲವತ್ತು ಫೋಟೋ. ನಲವತ್ತರಲ್ಲೂ ಅವರೇ. ಗಡ್ಡ ಬಿಟ್ಟುಕೊಂಡು, ಜಡೆ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು, ಒಂದು ಕಡೆ ಹದಿನೆಂಟು ವರ್ಷದವರಾಗಿ, ಇನ್ನೊಂದು ಕಡೆ ತೊಂಬತ್ತರವರಾಗಿ, ಎಡಹುಬ್ಬು ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದೆ. ಮತ್ತೆ ಹಾಕಿಕೊಂಡೆ. ಮತ್ತೊಂದು ಸಲ ಒರೆಸಬೇಕಾಯಿತು.

ನಲವತ್ತೆರಡು ವರ್ಷ ಜೊತೆಗೆ ಬಾಳಿದೆ. ಕಿವಿಗೆ ಜುಮುಕಿ ಹಾಕಿಕೊಂಡ ಅವರನ್ನು ಅವತ್ತೇ ನೋಡಿದ್ದು.

ಆ ಜುಮುಕಿಯೇ ಗುಟ್ಟು ಬಿಟ್ಟುಕೊಟ್ಟಿತು. ಅದು ತರಕಾರಿಯವಳದು. ಒಂದರ ಹಸಿರು ಕಲ್ಲು ಬಿದ್ದುಹೋಗಿದೆ, ದಿನಾ ನೋಡುತ್ತೇನೆ. ಆಮೇಲೆ ನೋಡುತ್ತ ಹೋದರೆ, ಈ ಕಾಲರು ದರ್ಜಿಯದು, ಈ ಕ್ರಾಪು ಕ್ಷೌರದವನದು. ಎಲ್ಲರ ಬೆನ್ನ ಹಿಂದೆಯೂ ಕಚೇರಿಯವರು ಹೇಳಿದ ಬಿಳಿ ಬಟ್ಟೆ, ಆ ಬಟ್ಟೆಯ ಅಂಚಿನಲ್ಲಿ ಇಣುಕುತ್ತಿರುವ ಒಂದು ಮೆಟ್ಟಿಲು.

"ಏಳಪ್ಪ" ಎಂದೆ. "ಕಳ್ಳನ್ನ ತೋರಿಸ್ತೀನಿ ಬಾ. ನನ್ನ ಒಡಹುಟ್ಟಿದವನು."

ನಾವು ಹೋದಾಗ ತಮ್ಮ ಸಂತೋಷದಿಂದ ಎದುರು ಬಂದ. "ಬನ್ನಿ ಸಾರ್, ಕಾರ್ಡಿನ ಫೋಟೋ ನೋಡಿದ್ರಾ? ಪುಕ್ಕಟೆ ಸುಧಾರಿಸಿಕೊಟ್ಟಿದ್ದೀನಿ. ದುಡ್ಡಿದ್ದೋರಿಗೆ ಒಂದು ಮುಖ, ಕಾರ್ಡಿನೋರಿಗೆ ಒಂದು ಮುಖ ಅಂತ ಭೇದ ಮಾಡಬಾರದು ನೋಡಿ."

"ಭೇದ ಮಾಡಿಲ್ಲ, ಸರಿ" ಎಂದರು ಸಾಹೇಬರು. "ಎಲ್ರಿಗೂ ಒಂದೇ ಮುಖ ಮಾಡಿದ್ದೀಯ."

ಆಗ ರಿಜಿಸ್ಟರ್ ಹೊರಬಂತು, ಎಲ್ಲ ತಿಳಿಯಿತು. ತಮ್ಮನ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. "ಅತ್ತಿಗೆ, ನಾನೇನು ಹೇಳಲಿ? ಹಲ್ಲುನೋವು ಅಂತ ಡಾಕ್ಟರ ಹತ್ರ ಹೋಗಿ ಕಿವಿ ತೋರಿಸ್ಕೊಂಡು ಬಂದ ಮನುಷ್ಯ ಇದು. ಅಲ್ಲ ಕಣೋ, ಭಾವನ ಫೋಟೋನೇ ಸಿಕ್ತಾ ನಿಂಗೆ? ಬದುಕಿದ್ದಾಗ ಅವರ ಎದುರಿಗೆ ಕೆಮ್ಮೋಕೂ ಹೆದರ್ತಿದ್ದೆ!"

"ಅತಿ ಹೆಚ್ಚು ಮಾರಾಟವಾದದ್ದು ಕೇಳ್ತು ಕಣೆ. ಸುಳ್ಳು ಹೇಳೋಕಾಗುತ್ತಾ?"

ಸಾಹೇಬರು ನೀಲಿ ಬೋರ್ಡಿನ ಕಡೆ ನೋಡಿದರು. ಫೈಲು ನಾಳೆ ಸಂಜೆ ಐದಕ್ಕೆ ಮೇಲಿನ ಕಚೇರಿಗೆ ಹೋಗುತ್ತದೆ ಎಂದರು. ಅಷ್ಟರೊಳಗೆ ನಲವತ್ತು ಜನವೂ ತಮ್ಮ ತಮ್ಮ ಮುಖ ತಂದು, ಸಾಹೇಬರ ಕಣ್ಣೆದುರಿಗೆ ಹೊಸ ಫೋಟೋ ತೆಗೆಸಬೇಕು. ಬಾಯಿ ಮುಚ್ಚಿರಬೇಕು, ನಗಬಾರದು, ಹುಬ್ಬು ಎರಡೂ ಸಮ ಇರಬೇಕು. ಒಂದು ಫೋಟೋ ಕಡಿಮೆಯಾದರೂ ಬೋರ್ಡು ಇಳಿಯುತ್ತದೆ. "ಮೊದಲು ಆ ಸಾಫ್ಟ್‌ವೇರಿನಿಂದ ಹೆಡ್ಮೇಷ್ಟ್ರನ್ನ ತೆಗಿ. ನನ್ನ ಮುಂದೆ ತೆಗಿ."

ತಮ್ಮ ಕಂಪ್ಯೂಟರಿನ ಮುಂದೆ ಕೂತ. ಏನೋ ಒತ್ತಿದ, ಕೈ ಹಿಂದಕ್ಕೆ ಎಳೆದುಕೊಂಡ.

"ಅಕ್ಕಾ, ಭಾವನ್ನ ಅಳಿಸಬೇಕಾ ಅಂತ ಕೇಳ್ತಿದೆ."

"ನನ್ನನ್ಯಾಕೋ ಕೇಳ್ತೀಯ?"

"ಮತ್ತೆ ಇನ್ಯಾರನ್ನ ಕೇಳ್ಲಿ?"

ಅದೂ ಸರಿಯೇ. "ಹೌದು ಅನ್ನು" ಎಂದೆ.

"ಹೌದು ಅಂದೆ. ಖಂಡಿತವಾಗ್ಲೂ ಅಳಿಸಬೇಕಾ ಅಂತ ಇನ್ನೊಂದ್ಸಲ ಕೇಳ್ತಿದೆ."

ದೇವರು ಒಂದು ಸಲವೂ ಕೇಳದೆ ಕರೆದುಕೊಂಡ. ಈ ಡಬ್ಬಿ ಎರಡು ಸಲ ಕೇಳುತ್ತದೆ. "ಒತ್ತೋ!" ಎಂದು ಗದರಿದೆ. ಒತ್ತಿದ.

ಮರುದಿನ ನಲವತ್ತು ಜನವೂ ಬಂದರು, ಬೀದಿಯ ತುದಿಯವರೆಗೆ ಸಾಲು. ಆದರೆ ಬಂದವರೆಲ್ಲ ಎಡಹುಬ್ಬು ಎತ್ತಿಕೊಂಡು, ತುಟಿ ಬಿಗಿದುಕೊಂಡು ನಿಂತಿದ್ದರು. ಫೋಟೋದಲ್ಲಿರುವವರು ತಾವೇ ಎಂದು ಸಾಬೀತು ಮಾಡಲು ಕರೆದಿದ್ದಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ರಾತ್ರಿಯೆಲ್ಲ ಕನ್ನಡಿ ಮುಂದೆ ಅಭ್ಯಾಸವಾಗಿತ್ತು.

ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಮೊದಲನೆಯವನು ಒಳಗೆ ಬಂದ ಕೂಡಲೇ ಎದ್ದು ನಿಂತರು. ನಾಚಿ ಕೂತರು. ಎರಡನೆಯವನು ಬಂದ, ಮತ್ತೆ ಎದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಮಂಡಿ ನೋಯತೊಡಗಿ ನಿಂತೇ ಇದ್ದುಬಿಟ್ಟರು.

"ಹುಬ್ಬು ಇಳಿಸಯ್ಯಾ" ಎಂದರು ಕ್ಷೌರದವನಿಗೆ.

"ಇಳಿಸಲ್ಲ ಸಾರ್. ನನ್ನ ಮುಖ ಇದೇ."

"ನಿನ್ನ ಮುಖ ನನಗೆ ಗೊತ್ತಿಲ್ವಾ? ತಿಂಗಳಿಗೊಂದ್ಸಲ ನಿನ್ನ ಕನ್ನಡೀಲಿ ನೋಡ್ತೀನಿ."

"ಸಾರ್, ಹಳೇ ಮುಖ ನೋಡಿದ್ರೆ ನಮ್ಮ ಮಾವ ಮತ್ತೆ 'ಏನೋ' ಅಂತಾನೆ. ನಿಮಗೆ ಮಾವ ಇಲ್ವಾ ಸಾರ್?"

ಸಾಹೇಬರಿಗೂ ಮಾವ ಇದ್ದ. ಆದರೂ ನಿಯಮ ನಿಯಮವೇ. ನನ್ನ ತಮ್ಮ ಹೆಬ್ಬೆರಳಿನಿಂದ ಕ್ಷೌರದವನ ಹುಬ್ಬನ್ನು ಒತ್ತಿ ಹಿಡಿದ, ಬಿಟ್ಟ, ಅದು ಮೇಲೇರುವಷ್ಟರಲ್ಲಿ ಓಡಿಹೋಗಿ ಗುಂಡಿ ಒತ್ತಿದ. ಹನ್ನೆರಡನೆಯ ಸಲಕ್ಕೆ ಸರಿಬಂತು. ಹೀಗೇ ಒಬ್ಬೊಬ್ಬರದು. ದರ್ಜಿ ಕಣ್ಣು ಮುಚ್ಚಿದ. ತೊಂಬತ್ತರ ಅಜ್ಜಿ, "ಅಂತೂ ಇಂತೂ ಒಂದು ಒಳ್ಳೇ ಫೋಟೋ ಬಂದಿತ್ತು, ಅದನ್ನೂ ಕಿತ್ಕೊಂಡ್ರಲ್ಲೋ" ಎಂದು ಸ್ಟೂಲಿನ ಮೇಲೆಯೇ ಅತ್ತಳು. ಆಮೇಲೆ ಅವಳ ಕಣ್ಣಿನ ಕೆಂಪು ಇಳಿಯುವವರೆಗೆ ಕಾದೆವು. ಇದರ ನಡುವೆ ನನ್ನ ತಮ್ಮ ಪ್ರತಿಯೊಬ್ಬರಿಗೂ "ಒಂದ್ನಿಮಿಷ" ಎನ್ನುವುದನ್ನು ಬಿಡಲಿಲ್ಲ. ಅವನ ಹೆಂಡತಿ ಪಕ್ಕದಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಮೂವತ್ತೊಂಬತ್ತು ಮುಗಿದಿತ್ತು. ಉಳಿದವಳು ತರಕಾರಿಯವಳು. ಆ ಹೆಂಗಸಿಗೆ ಮೊದಲೇ ನಗು ಹೆಚ್ಚು. ಸೋರೆಕಾಯಿ ತೂಗುವಾಗಲೂ ನಗುತ್ತಾಳೆ. ಅವಳು ಸ್ಟೂಲಿನ ಮೇಲೆ ಕೂತು, ಸಾಹೇಬರು ನಿಂತಲ್ಲೇ ಮಂಡಿ ಸವರಿಕೊಳ್ಳುವುದನ್ನು ಕಂಡಳು. ಅಷ್ಟೇ ಸಾಕಾಯಿತು.

"ನಗಬೇಡಮ್ಮ" ಎಂದ ತಮ್ಮ.

"ಇಲ್ಲ ಅಣ್ಣಾ, ನಗಲ್ಲ" ಎಂದು ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಕೆನ್ನೆ ಉಬ್ಬಿತು, ಜುಮುಕಿ ನಡುಗಿತು, ನಗು ಬುಸ್ಸೆಂದು ಹೊರಟಿತು. ಬಾಗಿಲಲ್ಲಿ ನೋಡುತ್ತಿದ್ದ ಕ್ಷೌರದವನು ನಕ್ಕ. ದರ್ಜಿ ನಕ್ಕ. ಅಜ್ಜಿ ಯಾಕೆಂದು ತಿಳಿಯದೆ ನಕ್ಕಳು. ಬೀದಿಯ ಸಾಲೆಲ್ಲ ನಕ್ಕಿತು.

"ತಾಯೀ, ಸತ್ತವರನ್ನ ನೆನೆಸ್ಕೊ" ಎಂದು ಬೇಡಿದಳು ತಮ್ಮನ ಹೆಂಡತಿ.

"ನೆನೆಸ್ಕೊಂಡೆ ಅಕ್ಕಾ. ಹೆಡ್ಮೇಷ್ಟ್ರೇ ನೆನಪಾದ್ರು, ನನ್ನ ಜುಮುಕಿ ಹಾಕ್ಕೊಂಡು!" ಎಂದು ಅವಳು ಸ್ಟೂಲಿನ ಸಮೇತ ಒಂದು ಸುತ್ತು ತಿರುಗಿದಳು.

ಐದಕ್ಕೆ ಮೂರು ನಿಮಿಷ. ಸಾಹೇಬರು ಫೈಲಿನ ದಾರ ಕೈಗೆ ತೆಗೆದುಕೊಂಡರು. "ನಾನು ಏನೂ ಮಾಡೋಕಾಗಲ್ಲ. ಏಣಿ ತರ್ಸಿ" ಎಂದರು. ತಮ್ಮ ಕ್ಯಾಮೆರಾ ಹಿಂದೆ ನಿಂತವನು ನನ್ನ ಕಡೆ ತಿರುಗಿದ. ಐದು ವರ್ಷದವನಿದ್ದಾಗ ಬಾವಿಯಲ್ಲಿ ಕೊಡ ಬೀಳಿಸಿಕೊಂಡು ನೋಡಿದ್ದನಲ್ಲ, ಅದೇ ನೋಟ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲೆ, ಆ ಡಬ್ಬಿಯ ಮೇಲೆ, ನಗುತ್ತಿರುವ ಬೀದಿಯ ಮೇಲೆ, ಹೇಳದೆ ಕೇಳದೆ ಹೊರಟುಹೋದವರ ಮೇಲೆ ಕೂಡ.

ಅವರ ಗಂಟಲು ನನಗೆ ಗೊತ್ತು. ಶಾಲೆಯ ಕೊನೆಯ ಕೋಣೆಯಿಂದ ಹೊರಟರೆ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಎದೆಯಾಳದಿಂದ ಅದನ್ನು ಎಳೆದು ತೆಗೆದು, ನನ್ನ ಶಕ್ತಿಯೆಲ್ಲ ಸೇರಿಸಿ ಕೂಗಿದೆ:

"ಯಾವನದು ನಗ್ತಿರೋದು?"

ಬೀದಿ ನಿಶ್ಶಬ್ದವಾಯಿತು. ಕ್ಷೌರದವನ ಕೈ ಹೋಗಿ ಎದೆಯ ಮೇಲೆ ಕಟ್ಟಿಕೊಂಡಿತು. ತರಕಾರಿಯವಳ ಬಾಯಿ ತಾನಾಗಿ ಮುಚ್ಚಿತು, ಬೆನ್ನು ನೆಟ್ಟಗಾಯಿತು, ಹುಬ್ಬು ಎರಡೂ ಸಮವಾಗಿ ನಿಂತವು. ನನ್ನ ತಮ್ಮ ತನ್ನ ಜೀವನದಲ್ಲಿ ಮೊದಲ ಸಲ "ಒಂದ್ನಿಮಿಷ" ಎನ್ನದೆ ಗುಂಡಿ ಒತ್ತಿದ.

ಆ ನಿಶ್ಶಬ್ದದಲ್ಲಿ ಸಾಹೇಬರ ಸಣ್ಣ ದನಿ ಕೇಳಿಸಿತು.

"ನಾನಲ್ಲ ಸಾರ್."

ಯಾರೂ ನಗಲಿಲ್ಲ. ಸಾಹೇಬರು ನಲವತ್ತನೆಯ ಫೋಟೋ ಅಂಟಿಸಿ, ಮೊಹರು ಹಾಕಿ, ಫೈಲು ಕಟ್ಟಿದರು. ಬೋರ್ಡಿನ ಸುದ್ದಿ ಎತ್ತಲಿಲ್ಲ, ಏಣಿಯನ್ನೂ ಕೇಳಲಿಲ್ಲ. ಆದರೆ ಹೊರಡಲೂ ಇಲ್ಲ. ಅವರೂ ನಿಂತಿದ್ದರು, ತಮ್ಮನೂ ನಿಂತಿದ್ದ, ಬೀದಿಯಲ್ಲಿ ಉಳಿದವರೆಲ್ಲ ಕೈಕಟ್ಟಿಕೊಂಡು ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಯಾತಕ್ಕೆ ಕಾಯುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಕೂತ್ಕೊಳ್ಳಿ" ಎಂದೆ.

ಎಲ್ಲರೂ ಇದ್ದಲ್ಲೇ ಕೂತರು.